ಕೋಲಾರದಲ್ಲೋ, ಮಾಲೂರಿನಲ್ಲೋ?

ಪ್ರಿಯ ಮಿತ್ರರೇ,

ನಿಮ್ಮ ಕಾಗದ ತಲುಪಿತು, ಜೊತೆಗಿಟ್ಟ ಬಣ್ಣದ ಕರಪತ್ರಗಳೂ ತಲುಪಿದವು. ಮಗನಿಗೆ ವೈಟ್‌ಫೀಲ್ಡಿನಲ್ಲಿ ಕೆಲಸ, ವಾರಕ್ಕೆ ಎರಡು ಮೂರು ದಿನ ಆಫೀಸಿಗೆ ಹೋದರೆ ಸಾಕು. ಸೊಸೆಗೆ ನರಸಾಪುರದ ಕಾರ್ಖಾನೆಯಲ್ಲಿ ಕೆಲಸ. ನಿಮ್ಮಿಬ್ಬರಿಗೂ ಬೆಂಗಳೂರು ಸಾಕಾಗಿದೆ. ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಇವುಗಳಲ್ಲಿ ಎಲ್ಲಿ ಫ್ಲ್ಯಾಟು ಕೊಳ್ಳೋಣ ಎಂದು ಕೇಳಿದ್ದೀರಿ. ಕರಪತ್ರಗಳಲ್ಲೆಲ್ಲ ಈಜುಕೊಳದ ಚಿತ್ರವಿದೆ. ಕೋಲಾರ ಜಿಲ್ಲೆಯಲ್ಲಿ ಈಜುಕೊಳ! ಮನೆಯಲ್ಲಿ ಎಲ್ಲರಿಗೂ ತೋರಿಸಿ ನಕ್ಕಿದ್ದಾಯಿತು.

ನಗು ಬಂದದ್ದಕ್ಕೆ ಕಾರಣ ನಿಮಗೆ ಗೊತ್ತೇ ಇದೆ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ನಮ್ಮದು. ಹಿಂದಿನವರು ಕೆರೆ ಕಟ್ಟಿ ಬದುಕಿದರು, ನಾವು ಕೆರೆ ಬಿಟ್ಟು ಬೋರ್‌ವೆಲ್ಲಿಗೆ ಬಿದ್ದೆವು. ಸಾವಿರ, ಸಾವಿರದೈನೂರು ಅಡಿ ಕೊರೆದರೂ ಬರೀ ದೂಳೆದ್ದ ಬಾವಿಗಳು ಲೆಕ್ಕವಿಲ್ಲ. ನೀರು ಸಿಕ್ಕರೂ ಫ್ಲೋರೈಡಿನ ಕಾಟ. ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಎಷ್ಟೋ ಹಳ್ಳಿಗಳ ನೀರು ದಾಟುತ್ತದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಕೆ.ಸಿ. ವ್ಯಾಲಿ ನೀರು ಎಂದು ಎಲ್ಲರೂ ಕರೆಯುವುದು ಅದನ್ನೇ. ಬತ್ತಿದ್ದ ಬಾವಿಗಳಿಗೆ ಜೀವ ಬಂದದ್ದು ನಿಜ, ರೈತರಿಗೆ ಅನುಕೂಲವಾದದ್ದೂ ನಿಜ. ಆದರೆ ಅದು ಕುಡಿಯಲೆಂದು ತಂದ ನೀರಲ್ಲ. ‘ಲೇಕ್ ವ್ಯೂ’ ಎಂದು ಯಾರಾದರೂ ಚದರಡಿಗೆ ಇಷ್ಟು ಹೆಚ್ಚು ಕೇಳಿದರೆ, ಕೆರೆ ತುಂಬಿದ್ದು ಯಾವ ನೀರಿನಿಂದ ಸ್ವಾಮಿ ಎಂದು ವಿಚಾರಿಸಿ.

ಆದ್ದರಿಂದ ನನ್ನ ಮೊದಲ ಜರಡಿ ನೀರು. ಅಲ್ಲೇ ನಾಲ್ಕು ಊರು ಎರಡಾಗುತ್ತದೆ. ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಅಣೆಕಟ್ಟೆ ಎಷ್ಟೋ ವರ್ಷ ಕುಂಟಿ, ಕೊನೆಗೆ 2023ರಲ್ಲಿ ಉದ್ಘಾಟನೆಯಾಯಿತಲ್ಲ, ಆ ಯೋಜನೆಯ ಕುಡಿಯುವ ನೀರು ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ ಮತ್ತು ದಾರಿಯ 45 ಹಳ್ಳಿಗಳಿಗೆ. ಮುಳಬಾಗಿಲು, ಶ್ರೀನಿವಾಸಪುರ ಆ ಪಟ್ಟಿಯಲ್ಲಿಲ್ಲ. ಇನ್ನೊಂದು ಸೂಕ್ಷ್ಮ: ‘ಮಾಲೂರು’ ಎಂದು ಕರಪತ್ರದಲ್ಲಿ ಅಚ್ಚಾದ ಮಾತ್ರಕ್ಕೆ ಕಟ್ಟಡ ಮಾಲೂರು ಪುರಸಭೆಯಲ್ಲಿದೆ ಎಂದಲ್ಲ. ಊರಾಚೆ ಗ್ರಾಮ ಪಂಚಾಯಿತಿ ಜಮೀನಿನಲ್ಲಿದ್ದರೆ ಪುರಸಭೆಯ ಪೈಪು ಅಲ್ಲಿಗೆ ಬರುತ್ತದೆಂದು ನಂಬಿಕೊಳ್ಳಬೇಡಿ.

ಟ್ಯಾಂಕರ್ ಇದೆಯಲ್ಲ ಎನ್ನುತ್ತೀರಿ. ಸುಮ್ಮನೆ ಒಂದು ಲೆಕ್ಕ ಹಾಕೋಣ. 24 ಮನೆಗಳ ಕಟ್ಟಡ, ಮನೆಗೆ ನಾಲ್ಕು ಜನ. ಪಟ್ಟಣಗಳಿಗೆ ಸರ್ಕಾರಿ ಲೆಕ್ಕದಲ್ಲಿ ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 12,960 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರು ದಿನಕ್ಕೆ ಎರಡು ಬಂದರೂ ಸಾಲದು. ಬೋರ್‌ವೆಲ್ ಕೈಕೊಟ್ಟ ಬೇಸಿಗೆಯಲ್ಲಿ ಅದಷ್ಟೂ ಮೇಂಟೆನೆನ್ಸ್ ಲೆಕ್ಕಕ್ಕೆ ಸೇರುತ್ತದೆ. ಪಿಂಚಣಿಯಲ್ಲಿ ಬದುಕುವವರು ಫ್ಲ್ಯಾಟಿನ ಬೆಲೆಗಿಂತ ಮೊದಲು ಕೇಳಬೇಕಾದದ್ದು ಕಳೆದ ಏಪ್ರಿಲ್, ಮೇ ತಿಂಗಳ ಟ್ಯಾಂಕರ್ ಬಿಲ್ಲು.

ಮಾಲೂರಿನ ದೊಡ್ಡ ಆಸ್ತಿ ರೈಲು. ಬೆಂಗಳೂರು–ಬಂಗಾರಪೇಟೆ ಮಾರ್ಗದ ಮೇಲೇ ಊರಿದೆ. ಕೆ.ಜಿ.ಎಫ್. ಕಡೆಯ ಜನ ತಲೆಮಾರುಗಳಿಂದ ಇದೇ ಹಳಿ ನಂಬಿ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಿದ್ದಾರೆ. ಮಗ ಮಾಲೂರಿನಲ್ಲಿ ಹತ್ತಿ ವೈಟ್‌ಫೀಲ್ಡಿನಲ್ಲಿ ಇಳಿದರೆ, 2023ರಲ್ಲಿ ಶುರುವಾದ ಮೆಟ್ರೊ ನಿಲ್ದಾಣ ಅಲ್ಲೇ ಪಕ್ಕದಲ್ಲಿ. ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರಿನ ಹತ್ತಿರವೇ ಹಾದುಹೋಗಿದೆ ಎಂದು ಏಜೆಂಟರು ಹಾಡುತ್ತಾರೆ, ಸರಿಯೇ, ಆದರೆ ಸ್ಕೂಟರಿಗೆ ಅಲ್ಲಿ ಪ್ರವೇಶವಿಲ್ಲ. ಊರ ಸುತ್ತ ಹೆಂಚಿನ, ಇಟ್ಟಿಗೆಯ ಕಾರ್ಖಾನೆಗಳು, ಕೈಗಾರಿಕಾ ಪ್ರದೇಶದ ಲಾರಿಗಳು. ನಿಮ್ಮ ಮನೆಯವರಿಗೆ ಉಬ್ಬಸವಿದೆ ಎಂದು ಬರೆದಿದ್ದೀರಿ, ಈ ದೂಳು ನೆನಪಿರಲಿ. ಮಾಸ್ತಿಯವರ ತಾಲ್ಲೂಕಿನಲ್ಲಿ ಮನೆ ಮಾಡುವ ಆಸೆ ನಿಮ್ಮದು, ನನಗೂ ಅರ್ಥವಾಗುತ್ತದೆ. ಅದಕ್ಕೇನೂ ಬಿಲ್ಡರ್ ಬಿಡಿಗಾಸು ಕಡಿಮೆ ಮಾಡುವುದಿಲ್ಲ.

ಕೋಲಾರಕ್ಕೆ ಮುಖ್ಯ ರೈಲುಮಾರ್ಗದ ಭಾಗ್ಯವಿಲ್ಲ, ಬಂಗಾರಪೇಟೆಯಿಂದ ಚಿಕ್ಕಬಳ್ಳಾಪುರದ ಕಡೆ ಹೋಗುವ ಕವಲಿನಲ್ಲಿದೆ. ಬಸ್ಸುಗಳಿಗೆ ಮಾತ್ರ ಕೊರತೆಯಿಲ್ಲ. ಸೊಸೆಗೆ ನರಸಾಪುರ ಹೆದ್ದಾರಿಯಲ್ಲೇ ಸಿಗುತ್ತದೆ. ಮಗನಿಗೆ ಹೊಸಕೋಟೆ ದಾಟುವ ತನಕ ಸುಖ, ಅಲ್ಲಿಂದ ವೈಟ್‌ಫೀಲ್ಡಿಗೆ ತಾಳ್ಮೆ. ಆದರೆ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಊರೊಳಗಿದೆ, ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಅರವತ್ತು ದಾಟಿದವರಿಗೆ ಇದು ಯಾವ ಕ್ಲಬ್‌ಹೌಸಿಗಿಂತಲೂ ದೊಡ್ಡದು. ಸಂಜೆ ಅಂತರಗಂಗೆಯ ಬೆಟ್ಟದ ಕಡೆ ನಡೆದು ಬಂದರೆ ಕಾಲಿಗೂ ಒಳ್ಳೆಯದು. ಟೊಮೆಟೊ ಸುಗ್ಗಿಯಲ್ಲಿ ಗಿಜಿಗುಡುವ ಎಪಿಎಂಸಿಯ ಸುತ್ತಮುತ್ತ ಮನೆ ಬೇಡ, ಅಷ್ಟೇ.

ಮುಳಬಾಗಿಲಿಗೆ ದೋಸೆ ತಿನ್ನಲು ಹೋಗೋಣ, ಕುರುಡುಮಲೆ ಗಣಪನನ್ನೂ ನೋಡಿ ಬರೋಣ. ಆದರೆ ಆ ಊರಿಗೆ ರೈಲೇ ಇಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ತೋಪುಗಳ ನಡುವೆ ಬದುಕುವುದು ಸೊಗಸು, ಸ್ಟೇಷನ್ನೂ ಇದೆ, ನಿಲ್ಲುವ ರೈಲು ಬೆರಳೆಣಿಕೆ. ಈ ಎರಡೂ ಊರಲ್ಲಿ ಜನ ಕೊಳ್ಳುವುದು ಸೈಟು, ಕಟ್ಟುವುದು ಸ್ವಂತ ಮನೆ. ಅಲ್ಲಿ ಫ್ಲ್ಯಾಟು ಕೊಂಡರೆ ನಾಳೆ ಮಾರುವಾಗ ಗಿರಾಕಿ ಹುಡುಕಬೇಕು.

ಕಾಗದಪತ್ರದ ವಿಷಯದಲ್ಲಿ ಒಂದನ್ನು ಯಾರೂ ನಿಮಗೆ ಹೇಳಿರಲಾರರು. ನಮ್ಮ ಊರುಗಳಲ್ಲಿ ‘ಅಪಾರ್ಟ್‌ಮೆಂಟ್’ ಎನ್ನುವುದು ಎಷ್ಟೋ ಸಲ 40×60 ಸೈಟಿನಲ್ಲಿ ಎದ್ದ ಆರೆಂಟು ಮನೆಗಳು. ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಮನೆಗಳು ಎಂಟನ್ನು ಮೀರದಿದ್ದರೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಬೇಕಿಲ್ಲ. ನೋಂದಣಿಯಾದ ಯೋಜನೆಯಾದರೆ ಲಿಖಿತ ಕರಾರಿಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ, ಗ್ರಾಹಕರ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು, ಕಟ್ಟಡದ ದೋಷಕ್ಕೆ ಐದು ವರ್ಷ ಬಿಲ್ಡರನೇ ಹೊಣೆ. ನೋಂದಣಿಯೇ ಇಲ್ಲದ ಚಿಕ್ಕ ಕಟ್ಟಡದಲ್ಲಿ ಈ ಹಿಡಿತ ಸಡಿಲ. ಲಿಫ್ಟು ಕೆಟ್ಟರೆ, ಪಂಪು ಸುಟ್ಟರೆ ಎಂಟು ಮನೆಯವರು ಮೆಟ್ಟಿಲ ಮೇಲೆ ನಿಂತು ಜಗಳವಾಡಬೇಕು. ಪಂಚಾಯಿತಿ ವ್ಯಾಪ್ತಿಯ ಆಸ್ತಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ಸಕ್ರಮವಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿದರೆ ಕಾಫಿ ಕುಡಿದು ಎದ್ದು ಬನ್ನಿ. ಕ್ರಯಪತ್ರದ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ, ಬಜೆಟ್ಟಿಗೆ ಸೇರಿಸಿಕೊಳ್ಳಿ.

ಮಗ ದಿನವೂ ಆಫೀಸಿಗೆ ಹೋಗುವವನಾಗಿದ್ದರೆ ಮಾಲೂರು, ಸ್ಟೇಷನ್ನಿಗೆ ನಡೆಯುವಷ್ಟು ಹತ್ತಿರ ಎನ್ನುತ್ತಿದ್ದೆ. ವಾರಕ್ಕೆ ಎರಡು ಮೂರು ದಿನವಾದ್ದರಿಂದ, ಉಳಿದ ದಿನಗಳೂ ಮನೆಯಲ್ಲಿರುವ ನಿಮ್ಮಿಬ್ಬರನ್ನು ನೋಡಿ ಹೇಳುತ್ತೇನೆ: ಕೋಲಾರ. ನಗರಸಭೆಯ ಎಲ್ಲೆಯೊಳಗೆ, ರೇರಾ ನೋಂದಣಿಯಿರುವ, ಜನ ಆಗಲೇ ಒಂದು ಬೇಸಿಗೆ ಕಳೆದಿರುವ ಕಟ್ಟಡ. ನೋಡಲು ಏಪ್ರಿಲ್‌ನಲ್ಲೇ ಹೋಗಿ, ಸೇಲ್ಸ್ ಹುಡುಗನನ್ನು ಕೆಳಗೆ ಬಿಟ್ಟು ಮೂರನೇ ಮಹಡಿಯ ಯಾವುದಾದರೂ ಮನೆಯ ಅಮ್ಮನವರನ್ನು ಮಾತಾಡಿಸಿ. ಪತ್ರಗಳ ನಕಲು ನನಗೂ ಕಳಿಸಿ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ.

ನಿಮ್ಮ ವಿಶ್ವಾಸಿ