ಆದವಾನಿಯ ಕೇರಿಯಲ್ಲಿ ಚರ್ಚಿನ ಸಂಜೆಪಾಠ

ಬಳ್ಳಾರಿಯಿಂದ ಆಲೂರಿನ ಮೇಲೆ ಆದವಾನಿಗೆ ಬರುವ ಬಸ್ಸು ರಾಜ್ಯದ ಗಡಿಯನ್ನು ದಾಟಿದ್ದು ಪ್ರಯಾಣಿಕನಿಗೆ ತಿಳಿಯುವುದು ಅಂಗಡಿಗಳ ಫಲಕಗಳಿಂದ ಮಾತ್ರ. ಹೊಲಗಳ ಕರಿಮಣ್ಣು ಬದಲಾಗುವುದಿಲ್ಲ. ಹತ್ತಿ, ಜೋಳ, ಕಡಲೆಯ ಸಾಲುಗಳೂ ಬದಲಾಗುವುದಿಲ್ಲ. ಬಸ್ಸಿನೊಳಗಿನ ಮಾತು ಕನ್ನಡದಲ್ಲಿ ಆರಂಭವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಅದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ. ಊರು ಸಮೀಪಿಸಿದಂತೆ ಬಂಡೆಗಳ ಬೆಟ್ಟಸಾಲು, ಅದರ ಮೇಲಿನ ಹಳೆಯ ಕೋಟೆಯ ಗೋಡೆಗಳು ಕಾಣತೊಡಗುತ್ತವೆ. 1786ರಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೆ ವಶವಾದ ಕೋಟೆ ಇದು. ಊರೊಳಗೆ ಸಿದ್ದಿ ಮಸೂದನು 17ನೆಯ ಶತಮಾನದಲ್ಲಿ ಕಟ್ಟಿಸಿದ ಜಾಮಿಯಾ ಮಸೀದಿ, ಭಕ್ತರು ಅವ್ವನೆಂದು ಕರೆಯುವ ಮಹಾಯೋಗಿ ಲಕ್ಷ್ಮಮ್ಮನ ಗುಡಿ, ರಣಮಂಡಲದ ಆಂಜನೇಯ ಎಲ್ಲವೂ ಒಂದು ನಡಿಗೆಯ ಅಂತರದಲ್ಲಿವೆ.

ಹತ್ತಿಯ ವ್ಯಾಪಾರದಿಂದಾಗಿ ಆದವಾನಿಗೆ ‘ಎರಡನೆಯ ಮುಂಬಯಿ’ ಎಂಬ ಹೆಸರಿದೆ. ಸುಗ್ಗಿಯ ತಿಂಗಳುಗಳಲ್ಲಿ ಮಾರುಕಟ್ಟೆಯ ಅಂಗಳವು ಬಂಡಿ, ಲಾರಿ, ಟ್ರ್ಯಾಕ್ಟರುಗಳಿಂದ ತುಂಬಿರುತ್ತದೆ. 2011ರ ಜನಗಣತಿಯಂತೆ ಸುಮಾರು 1.66 ಲಕ್ಷ ಜನರಿದ್ದ ಈ ಊರಿನ ಬಹುಭಾಗವು ಒಂದಲ್ಲ ಒಂದು ಬಗೆಯಿಂದ ಹತ್ತಿಯನ್ನೇ ಅವಲಂಬಿಸಿದೆ. ಆದರೆ ಹತ್ತಿಯ ಲಾಭವು ಊರಿನ ಎಲ್ಲ ಬೀದಿಗಳಿಗೂ ಸಮನಾಗಿ ಹರಿದಿಲ್ಲ. ಪೇಟೆಯ ಸಿಮೆಂಟಿನ ರಸ್ತೆಗಳನ್ನು ಬಿಟ್ಟು ಬೆಟ್ಟದ ಬುಡಕ್ಕೂ ಜಿನ್ನಿಂಗ್ ಮಿಲ್ಲುಗಳ ಹಿಂಬದಿಗೂ ನಡೆದರೆ ಬೇರೆಯೇ ಊರು ಎದುರಾಗುತ್ತದೆ. ತಗಡಿನ ಮಾಡು, ನೀರಿನ ನಲ್ಲಿಯ ಮುಂದೆ ಬಣ್ಣಬಣ್ಣದ ಕೊಡಗಳ ಸಾಲು, ಬಾಗಿಲಿನ ಹೊರಗೆ ಒಲೆ. ಮಿಲ್ಲಿನಿಂದ ಮರಳಿದ ಹೆಂಗಸರ ತಲೆಗೂದಲಿನಲ್ಲಿಯೂ ಸೀರೆಯ ಅಂಚಿನಲ್ಲಿಯೂ ಹತ್ತಿಯ ಎಳೆಗಳು ಅಂಟಿಕೊಂಡಿರುತ್ತವೆ. ಮಿಲ್ಲು ನಡೆಯುವ ತಿಂಗಳುಗಳಲ್ಲಿ ಕೂಲಿಯುಂಟು. ಅದು ನಿಂತ ಮೇಲೆ ಇಲ್ಲ.

ಊರ ಹೊರಗಿನ ಸ್ಥಿತಿ ಇನ್ನೂ ಕಠಿಣವಾದುದು. ಕೋಸಿಗಿ, ಕೌತಾಳ, ಪೆದ್ದಕಡಬೂರು, ಹೊಳಗುಂದಿ ಮೊದಲಾದ ಮಂಡಲಗಳು ಮಳೆಯನ್ನೇ ನಂಬಿದ ನೆಲಗಳು. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಈ ಸೀಮೆಗೆ ಬಂದಿದೆಯಾದರೂ ಅದರ ನೀರು ಎಲ್ಲ ಹೊಲಗಳನ್ನೂ ಮುಟ್ಟುವುದಿಲ್ಲ. ಹೀಗಾಗಿ ಹಿಂಗಾರಿನ ಕೆಲಸ ಮುಗಿಯುತ್ತಲೇ ಗುಳೆ ಆರಂಭವಾಗುತ್ತದೆ. ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರು ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆ ಸಂಸಾರಸಮೇತ ಜನ ಹೊರಡುತ್ತಾರೆ. ಪಾತ್ರೆ, ಕಂಬಳಿ, ಜೋಳದ ಹಿಟ್ಟಿನ ಚೀಲಗಳ ನಡುವೆ ಮಕ್ಕಳೂ ವಾಹನವನ್ನೇರುತ್ತಾರೆ. ಮೆಣಸಿನಕಾಯಿಯ ಕೊಯ್ಲು ಬಿರುಸಾಗಿರುವ ತಿಂಗಳುಗಳೇ ಶಾಲೆಯಲ್ಲಿ ವರ್ಷದ ಪಾಠ ಮುಗಿಯುವ, ಪರೀಕ್ಷೆ ಹತ್ತಿರವಾಗುವ ತಿಂಗಳುಗಳು. ಕರ್ನೂಲು ಜಿಲ್ಲೆಯ ಅತಿ ಕಡಿಮೆ ಅಕ್ಷರಸ್ಥರ ಮಂಡಲಗಳು ಈ ಪಶ್ಚಿಮ ಭಾಗದಲ್ಲಿಯೇ ಇರುವುದಕ್ಕೆ ಇದೂ ಒಂದು ಕಾರಣ.

ಇಂಥ ಕೇರಿಗಳಲ್ಲಿ ಚರ್ಚಿನ ಸೇವೆ ಇಂದು ನಿನ್ನೆಯದಲ್ಲ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಬಳಿಕ ಆದವಾನಿಯು ಬಳ್ಳಾರಿ ಜಿಲ್ಲೆಗೆ ಸೇರಿತು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಅವರು ಕನ್ನಡವನ್ನು ಕಲಿತು, ಶಾಲೆಗಳನ್ನು ತೆರೆದು, ಬೈಬಲಿನ ಅನುವಾದಕ್ಕೆ ಕೈಹಾಕಿದರು. ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿ ಮುಗಿದದ್ದು 1831ರಲ್ಲಿ. ಅವರೊಡನೆ ದುಡಿದ ವಿಲಿಯಂ ರೀವ್ ಕನ್ನಡ ನಿಘಂಟನ್ನು ರಚಿಸಿದರು. ಮಂಗಳೂರಿನಲ್ಲಿ 1843ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’ವು ಮರುವರ್ಷ ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಬಳ್ಳಾರಿಯ ಅಚ್ಚುಕೂಟದಲ್ಲಿಯೇ ಮುದ್ರಣಗೊಂಡಿತು. ಕನ್ನಡದ ಮೊದಲ ಪತ್ರಿಕೆ ಅಚ್ಚಾದ ಜಿಲ್ಲೆಯಲ್ಲಿ ಆದವಾನಿಯೂ ಒಂದು ತಾಲ್ಲೂಕಾಗಿತ್ತೆಂಬುದನ್ನು ಇಲ್ಲಿಯ ಕನ್ನಡ ಶಾಲೆಗಳ ಮಕ್ಕಳು ತಿಳಿದಿರಬೇಕು.

1876ರಿಂದ 1878ರವರೆಗಿನ ಧಾತು ಬರಗಾಲದಲ್ಲಿ ಬಳ್ಳಾರಿ, ಕರ್ನೂಲು ಜಿಲ್ಲೆಗಳು ಅಪಾರವಾದ ಜನಹಾನಿಯನ್ನು ಕಂಡವು. ಪರಿಹಾರ ಕಾಮಗಾರಿಗಳಲ್ಲಿ ದುಡಿಯುವವರ ದಿನದ ಕೂಲಿಯನ್ನು ಒಂದು ಪೌಂಡು ಧಾನ್ಯದ ಲೆಕ್ಕಕ್ಕೆ ಇಳಿಸಿದ ಕಾಲವದು. ಅಂದು ಗಂಜಿ ಹಂಚುವುದು, ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಸಾಕುವುದು ಮಿಷನ್ನುಗಳ ಪಾಲಿನ ಕೆಲಸವಾಯಿತು. ರಾಯಲಸೀಮೆಯ ದಲಿತ ಕೇರಿಗಳಲ್ಲಿ ಚರ್ಚಿನ ಬೇರು ಇಳಿದದ್ದು ಬಹುಮಟ್ಟಿಗೆ ಆ ಬರದ ನಂತರ. ಹಸಿವಿನ ದಿನದಲ್ಲಿ ಕೊಟ್ಟ ಅನ್ನಕ್ಕೂ ಅನಂತರ ಒಪ್ಪಿಕೊಂಡ ಧರ್ಮಕ್ಕೂ ಇರುವ ಸಂಬಂಧವನ್ನು ಕುರಿತು ಅಂದೇ ಚರ್ಚೆಯಿತ್ತು, ಇಂದಿಗೂ ಇದೆ. ಕೇರಿಯ ಹಿರಿಯರು ಈ ಪ್ರಶ್ನೆಯನ್ನು ಬೇರೆ ಬಗೆಯಾಗಿ ನೋಡುತ್ತಾರೆ. ಊರ ಬಾವಿಯ ಬಳಿಗೆ ಸೇರಿಸದಿದ್ದ ಕಾಲದಲ್ಲಿ ಹಲಗೆಯ ಮುಂದೆ ಕೂಡಿಸಿಕೊಂಡವರು ಯಾರು ಎಂಬುದು ಅವರ ನೆನಪಿನಲ್ಲಿ ಉಳಿದಿದೆ.

ಧರ್ಮದ ಆಯ್ಕೆಗೆ ಕಾಗದದ ಮೇಲೆಯೂ ಬೆಲೆಯುಂಟು. 1950ರ ರಾಷ್ಟ್ರಪತಿಗಳ ಆದೇಶದಂತೆ, ಮುಂದಿನ ತಿದ್ದುಪಡಿಗಳನ್ನೂ ಸೇರಿಸಿ, ಹಿಂದೂ, ಸಿಖ್, ಬೌದ್ಧ ಧರ್ಮದ ದಲಿತರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ ದೊರೆಯುತ್ತದೆ. ಕ್ರೈಸ್ತರಾದ ದಲಿತರನ್ನು ಆಂಧ್ರಪ್ರದೇಶವು ಹಿಂದುಳಿದ ವರ್ಗಗಳ ‘ಸಿ’ ಗುಂಪಿನಲ್ಲಿ ಸೇರಿಸಿದೆ. ಆ ಗುಂಪಿಗೆ ಮೀಸಲಾದುದು ಶೇ. 1. ಒಂದೇ ಕೇರಿಯಲ್ಲಿ ಒಂದೇ ಬಡತನದಲ್ಲಿ ಬೆಳೆದ ಎರಡು ಮನೆಗಳ ಮಕ್ಕಳು ಕಾಲೇಜಿನ ಬಾಗಿಲಲ್ಲಿ ಬೇರೆ ಬೇರೆ ಸಾಲುಗಳಲ್ಲಿ ನಿಲ್ಲಬೇಕಾಗುತ್ತದೆ. ಆದುದರಿಂದ ಶಾಲೆಯ ಓದು ಇಲ್ಲಿ ಇನ್ನಷ್ಟು ಮುಖ್ಯವಾಗಿದೆ.

ಇಂಥ ಕೇರಿಯ ಚರ್ಚಿನ ಅಂಗಳಕ್ಕೆ ಸಂಜೆ ಆರರ ಹೊತ್ತಿಗೆ ಹೋದವರಿಗೆ ಕಾಣುವುದು ಆಡಂಬರವಿಲ್ಲದ ದೃಶ್ಯ. ಜಮಖಾನೆಯ ಮೇಲೆ ಮೂರು ನಾಲ್ಕು ಗುಂಪುಗಳಾಗಿ ಕುಳಿತ ಮಕ್ಕಳು, ಒಂದು ಬಲ್ಬು, ಗೋಡೆಗೆ ಒರಗಿಸಿದ ಕಪ್ಪು ಹಲಗೆ. ಕಲಿಸುವವರು ಸಭೆಯದೇ ಯುವಕ ಯುವತಿಯರು. ಮಕ್ಕಳಲ್ಲಿ ಚರ್ಚಿಗೆ ಬರುವವರೂ ಉಂಟು, ಗುಡಿಗೆ ಮಸೀದಿಗೆ ಹೋಗುವವರೂ ಉಂಟು. ಕಂಕುಳಲ್ಲಿ ತಮ್ಮನನ್ನೆತ್ತಿಕೊಂಡೇ ಮಗ್ಗಿ ಒಪ್ಪಿಸುವ ಹುಡುಗಿಗೆ ‘ಅವನನ್ನು ಮನೆಯಲ್ಲಿ ಬಿಟ್ಟು ಬಾ’ ಎಂದು ಯಾರೂ ಹೇಳುವುದಿಲ್ಲ. ಮನೆಯಲ್ಲಿ ಅವನನ್ನು ನೋಡಿಕೊಳ್ಳುವವರಿಲ್ಲವೆಂಬುದು ಎಲ್ಲರಿಗೂ ಗೊತ್ತು. ಕ್ರಿಸ್‌ಮಸ್ಸಿನಲ್ಲಿ ಹಂಚುವ ಸೀರೆ ಕಂಬಳಿಗಳಿಗಿಂತ ಈ ಒಂದೂವರೆ ತಾಸು ದೊಡ್ಡದು. ಕಂಬಳಿ ಒಂದು ಚಳಿಗಾಲಕ್ಕೆ ಆದೀತು. ನಡುವೆ ಬಿಟ್ಟುಹೋದ ತರಗತಿ ಮಾತ್ರ ಬಾಳಿನುದ್ದಕ್ಕೂ ಕೊರತೆಯಾಗಿ ಉಳಿಯುತ್ತದೆ.

ಗುಳೆಯ ಕಾಲದಲ್ಲಿ ಈ ಅಂಗಳದ ಕೆಲಸ ಬೇರೆಯಾಗುತ್ತದೆ. ಮನೆ ಮನೆಗೆ ಹೋಗಿ, ‘ಅಕ್ಕಾ, ನೀವು ಹೋಗಿಬರ್ರಿ, ಹುಡುಗೀನ ಅಜ್ಜಿ ಹತ್ರ ಬಿಟ್ಟು ಹೋಗ್ರಿ’ ಎಂದು ಕೇಳುವುದೇ ಆಗಿನ ಸೇವೆ. ಸರ್ಕಾರವು ಗುಳೆ ಹೋದವರ ಮಕ್ಕಳಿಗಾಗಿ ನಡೆಸುವ ಋತುಮಾನ ವಸತಿ ಕೇಂದ್ರಗಳಿವೆ. ಅವು ಎಲ್ಲಿವೆ, ಯಾವಾಗ ತೆರೆಯುತ್ತವೆ ಎಂಬುದನ್ನು ತಿಳಿಸುವವರು ಬೇಕು. ಮಕ್ಕಳನ್ನು ಬಿಟ್ಟುಹೋಗುವ ತಾಯಿಗೆ ಧೈರ್ಯವೂ ಬೇಕು. ದಿನಕ್ಕೆ ಎರಡು ಕೈಗಳ ಕೂಲಿ ಕಡಿಮೆಯಾಗುವುದನ್ನು ಸಹಿಸಬೇಕು. ಕೆಲವರು ಒಪ್ಪುತ್ತಾರೆ. ಒಪ್ಪದವರನ್ನು ಹಳಿಯುವ ಅಧಿಕಾರ ಹೊಟ್ಟೆ ತುಂಬಿದವರಿಗಿಲ್ಲ.

ಈ ಅಂಗಳಗಳಲ್ಲಿ ಕನ್ನಡ ಕುಟುಂಬಗಳಿಗೆ ನೇರವಾಗಿ ತಟ್ಟುವ ತೊಡಕೊಂದಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಅತ್ತ ಸೇರಿದವು. ಅದಕ್ಕೂ ಮುನ್ನವೇ, 1947ರಲ್ಲಿ, ಲಂಡನ್ ಮಿಷನ್ನಿನ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಲೀನವಾಗಿದ್ದವು. ಗಡಿಯ ಈಚೆಗೆ ಆರಾಧನೆ, ಹಾಡು, ಬೋಧನೆ ಎಲ್ಲವೂ ಕ್ರಮೇಣ ತೆಲುಗಿನಲ್ಲಿಯೇ ನೆಲೆನಿಂತವು. ಸಂಜೆ ಕಲಿಸಲು ಬರುವ ಯುವಕರೂ ತೆಲುಗು ಇಲ್ಲವೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಕನ್ನಡ ಮಾಧ್ಯಮದ ಮಗು ತನ್ನ ಗಣಿತದ ಪುಸ್ತಕವನ್ನು ಚಾಚಿದರೆ ಅವರಿಗೆ ಲಿಪಿಯು ಅರ್ಧ ಪರಿಚಿತ, ಅರ್ಧ ಅಪರಿಚಿತ. ತಲೆಕಟ್ಟು ಬೇರೆ, ಕಕಾರ ತಕಾರಗಳ ರೂಪ ಬೇರೆ. ಮಗು ಲ.ಸಾ.ಅ. ಎಂದು ಕಲಿತುದನ್ನು ಅವರು ಕ.ಸಾ.ಗು. ಎಂದು ಕಲಿತಿದ್ದಾರೆ. ಲೆಕ್ಕ ಒಂದೇ, ಹೆಸರು ಬೇರೆ. ಒಳ್ಳೆಯ ಮನಸ್ಸಿನಿಂದಲೇ ಅವರು ‘ತೆಲುಗು ಶಾಲೆಗೆ ಹಾಕಿದರೆ ಸುಲಭವಲ್ಲವೇ’ ಎಂದು ತಂದೆತಾಯಿಗಳಿಗೆ ಹೇಳುತ್ತಾರೆ. ಹಾಗೆ ಒಂದೊಂದೇ ಮಗು ಶಾಲೆ ಬದಲಿಸಿದರೆ ಹಾಜರಿ ಇಳಿಯುತ್ತದೆ. ಹಾಜರಿ ಇಳಿದ ಶಾಲೆಗೆ ಶಿಕ್ಷಕರನ್ನು ಕೇಳುವುದು ಕಷ್ಟವಾಗುತ್ತದೆ.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅವಕಾಶ ಕಲ್ಪಿಸಲು ರಾಜ್ಯಗಳು ಶ್ರಮಿಸಬೇಕೆಂದು ಹೇಳುತ್ತದೆ. ಆದರೆ ವಿಧಿಯು ಸಂಜೆಯ ಪಾಠವನ್ನು ಹೇಳಿಕೊಡದು. ಅದಕ್ಕೆ ಕನ್ನಡ ಬಲ್ಲವರೇ ಜಮಖಾನೆಯ ಮೇಲೆ ಬಂದು ಕುಳಿತುಕೊಳ್ಳಬೇಕು. ಆದವಾನಿ, ಆಲೂರು, ಕೌತಾಳಗಳಲ್ಲಿ ನಿವೃತ್ತ ಕನ್ನಡ ಶಿಕ್ಷಕರಿದ್ದಾರೆ. ಕನ್ನಡ ಮಾಧ್ಯಮದಲ್ಲಿಯೇ ಹತ್ತನೆಯ ತರಗತಿ ಮುಗಿಸಿ ಮುಂದೆ ಓದುತ್ತಿರುವ ತರುಣರಿದ್ದಾರೆ. ಅವರಲ್ಲಿ ಒಬ್ಬರು ವಾರಕ್ಕೆರಡು ಸಂಜೆ ಬಂದರೂ ಮೂಲೆಯಲ್ಲಿ ಸುಮ್ಮನೆ ಕುಳಿತ ಮಕ್ಕಳು ಹಲಗೆಯ ಮುಂದಕ್ಕೆ ಬರುತ್ತಾರೆ. ಅಂಗಳ ಯಾವ ಮತದ್ದೆಂಬುದು ಅಲ್ಲಿ ಅಡ್ಡಿಯಾಗಬೇಕಾದುದಿಲ್ಲ. ಇನ್ನೂರು ವರ್ಷಗಳ ಹಿಂದೆ ಪರದೇಶದವರೊಬ್ಬರು ಇದೇ ಜಿಲ್ಲೆಯಲ್ಲಿ ಕುಳಿತು ಕನ್ನಡದ ಅಕ್ಷರಗಳನ್ನು ತಿದ್ದಿ ಕಲಿತರು. ಕನ್ನಡಿಗರು ಅವನ್ನು ತಮ್ಮದೇ ಮಕ್ಕಳಿಗೆ ಕಲಿಸುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ.

ಏಳೂವರೆಗೆ ಪಾಠ ಮುಗಿಯುತ್ತದೆ. ಮಕ್ಕಳು ಜಮಖಾನೆ ಮಡಿಸಿ, ಹಲಗೆಯನ್ನು ಒಳಗಿಟ್ಟು, ಕತ್ತಲೆಯ ಸಂದಿಗಳಲ್ಲಿ ಮನೆಗಳ ಕಡೆಗೆ ಓಡುತ್ತಾರೆ. ಮಿಲ್ಲಿನ ಎರಡನೆಯ ಪಾಳಿಯವರು ಅದೇ ದಾರಿಯಲ್ಲಿ ಎದುರಾಗುತ್ತಾರೆ.