ನಿರ್ಮಲವಾದ ಗಾಜು

ಪ್ರಯೋಗಕ್ಕೆ ಮುನ್ನ ಗಾಜಿನ ನಳಿಗೆಗಳನ್ನು ತೊಳೆಯಬೇಕೆಂದು ನಮ್ಮ ಶಾಲೆಯಲ್ಲಿ ಕಲಿಸಿದ ನಿಯಮದ ಬೆಲೆಯು ಲೇಸರ್ ಯಂತ್ರಗಳ ಚರಿತ್ರೆಯನ್ನೋದಿದಾಗ ನನಗೆ ತಿಳಿಯಿತು. ಅಮೆರಿಕದ ಲಿವರ್ಮೋರ್ ಪ್ರಯೋಗಶಾಲೆಯಲ್ಲಿ 1984ರಲ್ಲಿ ಸಿದ್ಧವಾದ ‘ನೋವಾ’ ಯಂತ್ರದಲ್ಲಿ, ಬೆಳಕನ್ನು ಬಲಪಡಿಸಬೇಕಾದ ಗಾಜೇ ಆ ಬೆಳಕಿನಿಂದ ಬಿರುಕುಬಿಟ್ಟಿತು. ಗಾಜನ್ನು ಕರಗಿಸಿದ ಪ್ಲಾಟಿನಂ ಪಾತ್ರೆಯ ಸೂಕ್ಷ್ಮ ಕಣಗಳು ಒಳಗುಳಿದು, ಬೆಳಕನ್ನು ಹೀರಿ ಸಿಡಿಯುತ್ತಿದ್ದುವು. ತಜ್ಞರು ಕರಗಿಸುವ ಕ್ರಮವನ್ನೇ ತಿದ್ದಿ ಆ ಕಣಗಳನ್ನು ನೀಗಿದರು. ಅಲ್ಲಿಯೇ 2009ರಲ್ಲಿ ಮುಗಿದ 192 ಕಿರಣಗಳ ಯಂತ್ರದಲ್ಲಿಯಾದರೋ, ಬೆಳಕನ್ನು ಅದೇ ಗಾಜಿನೊಳಗೆ ನಾಲ್ಕು ಬಾರಿ ಹಾಯಿಸಿ ಶಕ್ತಿಯ ಪೋಲನ್ನು ತಗ್ಗಿಸಿದರು. 2022ರ ಡಿಸೆಂಬರ್ 5ರಂದು ಅದರ 2.05 ಮೆಗಾಜೂಲ್ ಬೆಳಕು ಜಲಜನಕವನ್ನು ಬೆಸೆದು 3.15 ಮೆಗಾಜೂಲ್ ಶಕ್ತಿಯನ್ನು ಹೊರಪಡಿಸಿತು. ಆದರೂ ವ್ಯಯವಾದ ವಿದ್ಯುತ್ತು ಸುಮಾರು 300 ಮೆಗಾಜೂಲ್! ತಿದ್ದುವ ಕಾರ್ಯವು ಇನ್ನೂ ಬಹಳವಿದೆ. ಸಹೋದರಿಯರೇ, ಅದು ನಮ್ಮ ಹೆಣ್ಣುಮಕ್ಕಳಿಗಾಗಿಯೂ ಕಾದಿದೆ. ಅವರನ್ನು ಓದಿಸುವುದರಲ್ಲಿ ನಾವು ಹಿಂಜರಿಯದಿರೋಣ.