ಸತೀಶನೂ ನಾನೂ

ತ್ರಿವೇಣಿಯವರ ‘ಶರಪಂಜರ’ವನ್ನು ನಾನು ಮೊದಲು ಓದಿದ್ದು ಮದುವೆಗೆ ಮುಂಚೆ. ಬಾಣಂತನದಲ್ಲಿ ಬುದ್ಧಿಭ್ರಮಣೆಯಾಗಿ, ಆಸ್ಪತ್ರೆಯಲ್ಲಿ ಗುಣ ಹೊಂದಿ ಮನೆಗೆ ಬಂದ ಕಾವೇರಿಯನ್ನು ಕೈಹಿಡಿದವನೇ ನಂಬದಿದ್ದರೆ ಆ ಬಡಪಾಯಿ ಎಲ್ಲಿಗೆ ಹೋಗಬೇಕು? ಸತೀಶನನ್ನು ಮನಸಾರೆ ಬೈದೆ. ಪರರ ಸಂಸಾರಕ್ಕೆ ನ್ಯಾಯ ಹೇಳುವುದು ಬ್ರಹ್ಮಚಾರಿಗೆ ಬಲು ಸುಲಭ.

ಎರಡನೆಯ ಸಲ ಓದಿದ್ದು ಮಗ ಹುಟ್ಟಿದ ಮೇಲೆ. ನನ್ನಾಕೆ ಬಾಣಂತಿಯಾಗಿದ್ದಾಗ ನಿದ್ರೆಗೆಟ್ಟು, ಮಾತು ಬಿಟ್ಟು, ತವರಿನಲ್ಲಿ ಔಷಧ ತೆಗೆದುಕೊಂಡು ಚೇತರಿಸಿಕೊಂಡು ಬಂದಿದ್ದಳು. ನಾನು ಒಂದು ಬಿರುಸು ಮಾತೂ ಆಡಲಿಲ್ಲ. ಆಕೆ ಒಲೆ ಹಚ್ಚಿದರೆ ಪತ್ರಿಕೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ, ಅಷ್ಟೆ. ಮಗುವಿಗೆ ನೀರು ಹಾಕುವಾಗ ಬಚ್ಚಲ ಬಳಿ ಏನೋ ಹುಡುಕುತ್ತಿದ್ದೆ. ಇದನ್ನು ಅಕ್ಕರೆಯೆಂದೇ ತಿಳಿದಿದ್ದೆ.

ಈ ಸಲ ಸತೀಶನ ಮೇಲೆ ಕೋಪ ಬರಲಿಲ್ಲ. ಅದೇ ನನಗೆ ದಿಗಿಲಾಯಿತು. ಅವನು ಪರಸ್ತ್ರೀಯ ಕಡೆ ತಿರುಗಿದ್ದೊಂದನ್ನು ಬಿಟ್ಟರೆ ನಮ್ಮಿಬ್ಬರಿಗೂ ಅಂತರ ಬಹಳವಿರಲಿಲ್ಲ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ನನ್ನಂಥವನನ್ನು ಅವರು ಎಲ್ಲಿ ಕಂಡಿದ್ದರೋ!

ಪುಸ್ತಕವನ್ನು ಆಕೆಯ ಕಣ್ಣಿಗೆ ಬೀಳದಂತೆ ಬೀರುವಿನಲ್ಲಿ ನನ್ನ ಕೋಟಿನ ಕೆಳಗೆ ಅಡಗಿಸಿಟ್ಟೆ.

ಒಂದು ಸಂಜೆ ಆಕೆ ಒಲೆಯ ಮುಂದಿನಿಂದಲೇ, ತಿರುಗಿ ನೋಡದೆ, “ಒಳಗೆ ಬಂದು ಈ ಸೊಪ್ಪನ್ನಾದರೂ ಬಿಡಿಸಿಕೊಡೀಂದ್ರೆ. ಬಾಗಿಲಲ್ಲಿ ನಿಂತು ನೀವೂ ಸತೀಶನಾಗಬೇಡಿ” ಎಂದಳು.

ಆಕೆ ಅದನ್ನು ಕಾಲೇಜಿನಲ್ಲಿದ್ದಾಗಲೇ ಓದಿದ್ದಳಂತೆ.